ದೃಷ್ಟಿಬೊಟ್ಟಿನ ಗೋಡೆ

ಮೂವತ್ತು ದಾಟುವವರೆಗೂ ಕಾಂತರಾಜುವಿಗೆ ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತಿರಲಿಲ್ಲ. ಹಾಗೆಂದು ಅವನೇನೋ ದೊಡ್ಡ ಮನಸ್ಸಿನವನು ಎಂದುಕೊಳ್ಳಬೇಡಿ. ಹೊಟ್ಟೆ ಉರಿಸುವಂಥವರು ಯಾರೂ ಅಲ್ಲಿಯವರೆಗೆ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ದೊಡ್ಡಬಳ್ಳಾಪುರದಲ್ಲಿ ಸೀರೆಗೆ ನಕ್ಷೆ ಬರೆಯುವವರಲ್ಲಿ ತನಗೆ ಸಮ ಯಾರಿದ್ದಾರೆ ಎಂದು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ. ಊರೂ ಹೌದೌದು ಎನ್ನುತ್ತಿತ್ತು.

ಅವನದು ದೊಡ್ಡಬೆಳವಂಗಲದ ರೈತರ ಮನೆ. ಅಪ್ಪ ಆದಿನಾರಾಯಣಪ್ಪ ರಾಗಿ ಬೆಳೆಯುವವನು. ಮಗನೋ ಹೊಲದ ಬದುವಿನ ಮೇಲೆ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ಹಂಸ, ನವಿಲು, ಬಳ್ಳಿ ಬರೆಯುವವನು. "ಇವನ ಕೈಗೆ ನೇಗಿಲು ಕೊಟ್ರೆ ಸಾಲೆಲ್ಲ ಬಳ್ಳಿ ಥರ ಸೊಟ್ಟ ಹೋಗ್ತದೆ" ಎಂದು ಬೈದುಕೊಂಡೇ ಅಪ್ಪ 1987ರಲ್ಲಿ ಅವನನ್ನು ದೊಡ್ಡಬಳ್ಳಾಪುರಕ್ಕೆ ಕರೆತಂದು, ನಕ್ಷೆ ಬರೆಯುವ ಅಪ್ಪಯ್ಯಣ್ಣನ ಹತ್ತಿರ ಬಿಟ್ಟ.

ಅಪ್ಪಯ್ಯಣ್ಣನ ಕೆಲಸ ಚೌಕಗಳ ಕೆಲಸ. ಸೀರೆಯ ಅಂಚಿಗೆ, ಸೆರಗಿಗೆ ಯಾವ ಚಿತ್ರ ಬರಬೇಕೋ ಅದನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಬರೆಯಬೇಕು. ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ, ಆ ರಟ್ಟಿನ ಮಾಲೆ ಮಗ್ಗದ ಮೇಲೆ ಏರಿದರೆ ಎಳೆ ತಾನಾಗಿ ಎದ್ದು ಇಳಿದು ಹಂಸ ಸೀರೆಗೆ ಬರುತ್ತದೆ. ಕಾಂತರಾಜು ಬರೆದ ಮೊದಲ ಹಂಸವನ್ನು ಅಪ್ಪಯ್ಯಣ್ಣ ಕನ್ನಡಕ ಏರಿಸಿ ನೋಡಿದ. ಒಂದು ಚೌಕವೂ ತಪ್ಪಿರಲಿಲ್ಲ. ಹೊಗಳುತ್ತಾನೆ ಎಂದು ಹುಡುಗ ಕಾಯುತ್ತಿದ್ದರೆ ಆತ ಕುಂಚ ಎತ್ತಿ ಹಂಸದ ರೆಕ್ಕೆಯಲ್ಲಿ ಹಸಿರು ಇರಬೇಕಾದಲ್ಲಿ ಒಂದು ಕಪ್ಪು ಚೌಕ ಇಟ್ಟುಬಿಟ್ಟ.

"ಯಾಕಣ್ಣಾ ಕೆಡಿಸ್ಬಿಟ್ರಿ?"

"ಕೆಡಿಸ್ಲಿಲ್ಲ ಕಣಪ್ಪಾ, ಕಾಪಾಡ್ದೆ. ಮಗೂಗೆ ಕೆನ್ನೆ ಮೇಲೆ ಇಡಲ್ವಾ, ಹಂಗೆ. ಎಲ್ಲಾ ಸರಿಯಾಗಿ ಬಂದ್ಮೇಲೆ ಒಂದು ಚೌಕ ಬೇಕಂತ್ಲೇ ತಪ್ಪಾಕು. ಉಟ್ಟೋಳಿಗೂ ಕಣ್ಣಾಗಲ್ಲ, ನೇಯ್ದೋನಿಗೂ ಆಗಲ್ಲ, ಬರ್ದೋನಿಗೂ ಆಗಲ್ಲ."

ಅಂದಿನಿಂದ ಕಾಂತರಾಜು ಬರೆದ ಯಾವ ನಕ್ಷೆಯೂ ದೃಷ್ಟಿಬೊಟ್ಟಿಲ್ಲದೆ ಮಗ್ಗಕ್ಕೆ ಹೋಗಲಿಲ್ಲ. ಅಪ್ಪಯ್ಯಣ್ಣ ತೀರಿಕೊಂಡ ಮೇಲೆ ಕುಂಚ, ಗಿರಾಕಿ, ಹೆಸರು ಎಲ್ಲವೂ ಅವನಿಗೇ ಬಂದವು. ಅನುಗೊಂಡನಹಳ್ಳಿಯ ಮುನಿಲಕ್ಷ್ಮಮ್ಮನ ಜತೆ ಮದುವೆಯಾಯಿತು. ನಕ್ಷೆ ಬರೆಯುವ ಕೆಲಸವೆಲ್ಲ ಕಂಪ್ಯೂಟರಿಗೆ ಹೋಗುತ್ತದೆ ಎಂಬ ಸುದ್ದಿ ಬಂದಾಗ ಉಳಿದವರು ಕಂಪ್ಯೂಟರನ್ನು ಬೈದುಕೊಂಡು ಕೂತರು. ಕಾಂತರಾಜು ಬೆಂಗಳೂರಿಗೆ ಹೋಗಿ ಅದನ್ನೂ ಕಲಿತು, ಮನೆಯ ಮುಂಗೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದು ಕೂರಿಸಿದ. ಪರದೆಯ ಮೇಲೂ ಅವೇ ಚೌಕಗಳು. ಅವನಿಗೆ ಅದೇನು ಬ್ರಹ್ಮವಿದ್ಯೆ ಎನಿಸಲಿಲ್ಲ.

ಕಂಪ್ಯೂಟರ್ ಮಾರಿದವನು ಅದರೊಳಗೆ ಒಂದು ಆಟವನ್ನೂ ಹಾಗೇ ಬಿಟ್ಟು ಕಳಿಸಿದ್ದ. ಒಬ್ಬ ಸೈನಿಕ ಕತ್ತಲೆಯ ಓಣಿಗಳಲ್ಲಿ ನುಗ್ಗಿ, ಎದುರಾದ ರಾಕ್ಷಸರನ್ನೆಲ್ಲ ಬಂದೂಕಿನಿಂದ ಉರುಳಿಸುತ್ತ ಹೋಗುವ ಆಟ. ಕಾಂತರಾಜುವಿಗೆ ರಾಕ್ಷಸರಿಗಿಂತ ಗೋಡೆಗಳು ಹಿಡಿಸಿದವು. ಹತ್ತಿರ ಹೋಗಿ ನಿಂತರೆ ಗೋಡೆಯೂ ಚೌಕ ಚೌಕವೇ! ಆಟದೊಳಗೆ ತಮ್ಮದೇ ಮನೆ, ತಮ್ಮದೇ ಊರು, ತಮ್ಮದೇ ಕೋಟೆ ಕಟ್ಟಿಕೊಳ್ಳುವ ಹುಚ್ಚರು ಲೋಕದ ತುಂಬ ಇದ್ದಾರೆ, ಅವರನ್ನು ಮಾಡರ್‌ಗಳು ಎನ್ನುತ್ತಾರೆ, ಕಟ್ಟುವುದಕ್ಕೆ ಬೇಕಾದ ಸರಂಜಾಮು ಒಂದು ಸಿ.ಡಿ.ಯಲ್ಲಿ ಸಿಗುತ್ತದೆ ಎಂದು ಗೊತ್ತಾದ ದಿನ ಅವನು ಊಟವನ್ನೇ ಮರೆತ. ಆಮೇಲೆ ಬಿಡುವಾದಾಗಲೆಲ್ಲ ಅದೇ ಕೆಲಸ. ಸೀರೆಯ ಅಂಚುಗಳನ್ನೆಲ್ಲ ಗೋಡೆಗೆ ಏರಿಸಿದ. ಕಂಬಕ್ಕೆ ಬಳ್ಳಿ, ಬಾಗಿಲಿಗೆ ಹಂಸ, ಸೂರಿಗೆ ರುದ್ರಾಕ್ಷಿ ಸಾಲು. ಪ್ರತಿ ಗೋಡೆಯಲ್ಲೂ ಒಂದು ಚೌಕ ತಪ್ಪು. ಕೈಗೆ ಅಂಟಿದ ಅಭ್ಯಾಸ ಪರದೆಗೆ ಬಂದರೆ ಬಿಟ್ಟುಹೋಗುತ್ತದೆಯೇ?

ಮನೋಹರ್ ಬಂದದ್ದು ಆಗ. ನೆಲಮಂಗಲದ ಹತ್ತಿರದ ಅರಿಶಿನಕುಂಟೆಯವನು, ಡಿಗ್ರಿ ಮುಗಿಸಿ ಹೆದ್ದಾರಿಯ ಬದಿಯ ಒಂದು ಲಾರಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಯಬೇಕೆಂದು ಭಾನುವಾರ ಭಾನುವಾರ ಬಸ್ಸು ಹತ್ತಿ ಬರುತ್ತಿದ್ದ. ನಕ್ಷೆ ಅಷ್ಟಕ್ಕಷ್ಟೇ, ಆಟದೊಳಗೆ ಊರು ಕಟ್ಟುವುದನ್ನು ಮಾತ್ರ ಬಾಯಿ ಬಿಟ್ಟುಕೊಂಡು ಕಲಿತ. ಕಾಂತರಾಜುವಿಗೆ ಖುಷಿಯೋ ಖುಷಿ. ಇಷ್ಟು ದಿನ ಈ ಹುಚ್ಚನ್ನು ಹೇಳಿಕೊಳ್ಳಲು ಹೆಂಡತಿ ಬಿಟ್ಟರೆ ಯಾರಿದ್ದರು? ಅವಳು ಕೇಳುತ್ತಲೇ ಅವರೆಕಾಯಿ ಬಿಡಿಸುತ್ತಿದ್ದಳು. ಒಂದು ಭಾನುವಾರ ಅವನು ತನ್ನ ಗೋಡೆಗಳನ್ನೆಲ್ಲ ಒಂದು ಫ್ಲಾಪಿಗೆ ತುಂಬಿ ಮನೋಹರನ ಜೇಬಿಗೆ ತಾನೇ ತುರುಕಿದ.

"ತಗೋಳೋ, ಬೇಕಾದ್ದಕ್ಕೆ ಹಾಕ್ಕೋ. ನನ್ ಹತ್ರ ಕೇಳ್ಬೇಡ."

ಈ ಮಾತು ನೆನಪಿರಲಿ. ಕಾಂತರಾಜು ಮುಂದೆ ಇದನ್ನು ಮರೆತ. ಮರೆತ ಅನ್ನುವುದಕ್ಕಿಂತ, ಮರೆಯುವುದು ಅವನಿಗೆ ಅನುಕೂಲವಾಯಿತು.

1999ರಲ್ಲಿ ಆ ಆಟದ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಿದರು. ಹಾಲೆಂಡಿನ ಒಬ್ಬ, ಕೆನಡಾದ ಒಬ್ಬಳು ಸೇರಿ ಮಾಡಿದ್ದು. ಪುಟ ತೆರೆದರೆ ಒಂದು ದೊಡ್ಡ ಕಟ್ಟಡದ ಚಿತ್ರ. ಅದಕ್ಕೆ ಮುಂದಿನ ಹಜಾರ, ಪಕ್ಕದ ಹಜಾರ, ಹಿಂದಿನ ಹಜಾರ. ಒಂದೊಂದರಲ್ಲೂ ಬೇರೆ ಬೇರೆ ದೇಶದ ಮಾಡರ್‌ಗಳು ಕಟ್ಟಿದ ಲೋಕಗಳ ಚಿತ್ರ, ಬೇಕೆನಿಸಿದರೆ ಇಳಿಸಿಕೊಂಡು ಒಳಗೆ ಓಡಾಡಬಹುದು, ಕೆಳಗೆ ಅಭಿಪ್ರಾಯ ಬರೆಯಬಹುದು. ಎಲ್ಲಕ್ಕಿಂತ ಚೆನ್ನಾಗಿರುವುದು ಮುಂದಿನ ಹಜಾರದ ನಟ್ಟನಡುವೆ ಇರುತ್ತದೆ. ಕಾಂತರಾಜು ಆ ನಟ್ಟನಡುವಿನ ಜಾಗವನ್ನು ನೋಡಿದ ಗಳಿಗೆಯಲ್ಲೇ ಅದು ತನ್ನದೆಂದು ತೀರ್ಮಾನಿಸಿಬಿಟ್ಟ. ದೇವನಹಳ್ಳಿ ಕೋಟೆಗೆ ಹೋಗಿ ಗೋಡೆ ಗೋಡೆ ಸುತ್ತಿ ನೋಡಿಕೊಂಡು ಬಂದು, ಬುರುಜು ಸಮೇತ ಇಡೀ ಕೋಟೆಯನ್ನೇ ಆಟದೊಳಗೆ ಎಬ್ಬಿಸಿದ. ಕಲ್ಲಿನ ಗೋಡೆಗಳಿಗೆಲ್ಲ ರೇಷ್ಮೆಯ ಅಂಚು. ಮನೋಹರನೂ ಏನೋ ಒಂದನ್ನು ಕಳಿಸುತ್ತೇನೆ ಎಂದಾಗ, "ಕಳ್ಸೋ ಕಳ್ಸು, ಅನುಭವ ಆಗ್ತದೆ" ಎಂದು ಬೆನ್ನು ತಟ್ಟಿದ.

ಪ್ರದರ್ಶನ ತೆರೆಯಿತು. ಫೋನ್ ತಂತಿ ಕಿರುಗುಟ್ಟಿ, ಗೊರಗುಟ್ಟಿ, ಕೊನೆಗೂ ಪುಟ ಮೇಲಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯತೊಡಗಿತು. ಮುಂದಿನ ಹಜಾರದ ನಟ್ಟನಡುವೆ ಒಂದು ಚಿತ್ರ ಮೂಡಿತು. ಹೆದ್ದಾರಿ. ಲಾರಿ ಶೆಡ್ಡು. ಟೀ ಅಂಗಡಿ. ಹುಣಸೆಮರ. ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಸಾಲು ನಿಂತ ರಾಕ್ಷಸರು. ಕೆಳಗೆ ಹೆಸರು: ಮನೋಹರ್, ಅರಿಶಿನಕುಂಟೆ.

ದೇವನಹಳ್ಳಿ ಕೋಟೆ ಹಿಂದಿನ ಹಜಾರದ ಮೂಲೆಯಲ್ಲಿತ್ತು.

ಕಾಂತರಾಜುವಿನ ಮುಖ ಹುಳ್ಳಗಾಯಿತು. ಕೋಟೆ ಹಿಂದಕ್ಕೆ, ಲಾರಿ ಶೆಡ್ಡು ಮುಂದಕ್ಕಾ? ಇವರಿಗೆ ಕಣ್ಣಿದೆಯಾ? ಕೋಟೆಯ ಕೆಳಗೆ ಜನ ಬರೆದದ್ದನ್ನು ಓದಿದ. ಗೋಡೆಗಳು ಬಹಳ ಚಂದ, ಆದರೆ ಪ್ರತಿ ಗೋಡೆಯಲ್ಲೂ ಗುಪ್ತ ಬಾಗಿಲಿನ ಗುರುತಿದೆ, ಒತ್ತಿ ಒತ್ತಿ ಬೆರಳು ನೋವು ಬಂತು, ಒಂದೂ ತೆರೆಯಲಿಲ್ಲ ಎಂದು ದೂರಿದ್ದರು. ಆ ಆಟದ ಪದ್ಧತಿ ಹಾಗೆ. ಗೋಡೆಯಲ್ಲಿ ಎಲ್ಲೋ ಒಂದು ಕಡೆ ಬಣ್ಣ ತಪ್ಪಿದ್ದರೆ ಅಲ್ಲಿ ಗುಪ್ತ ಬಾಗಿಲಿದೆ ಎಂದು ಅರ್ಥ, ಎದುರು ನಿಂತು ಸ್ಪೇಸ್ ಬಾರ್ ಒತ್ತಿದರೆ ಗೋಡೆ ಮೇಲೇಳುತ್ತದೆ. ಇದು ಕಾಂತರಾಜುವಿಗೂ ಗೊತ್ತಿತ್ತು. ಆದರೆ ತನ್ನ ಗೋಡೆಯಲ್ಲಿರುವುದು ದೃಷ್ಟಿಬೊಟ್ಟು ತಾನೆ? ಬಾಗಿಲಿಗೂ ಅದಕ್ಕೂ ಏನು ಸಂಬಂಧ? ಅಷ್ಟೂ ತಿಳಿಯದ ಮುಠ್ಠಾಳರು ಎಂದು ಹಾಲೆಂಡಿನಿಂದ ಹಿಡಿದು ಕೆನಡಾದವರೆಗೆ ಎಲ್ಲರನ್ನೂ ಬೈದ.

ಮನೋಹರನ ಚಿತ್ರದ ಕೆಳಗೆ ಬರೆದವರು ಮಾರುದ್ದ ಬರೆದಿದ್ದರು. "ಆ ಕೋಣೆ ನೋಡಿ ಕಣ್ಣು ತುಂಬಿತು." "ಆ ಕೋಣೆಗಾಗಿಯೇ ಎರಡನೇ ಸಲ ಹೋದೆ." ಯಾವ ಕೋಣೆ? ಇಳಿಸಿಕೊಂಡು ನೋಡಿದ. ಟೀ ಅಂಗಡಿಯ ಹಿಂದಿನ ಕೋಣೆಯಿರಬೇಕು. ಅದರಲ್ಲಿ ಏನಿದೆ ಅಂಥಾದ್ದು, ಒಂದು ಸೀಮೆಎಣ್ಣೆ ಸ್ಟವ್ವು!

ಆಮೇಲೆ ದಿನವೂ ಆ ಊರೊಳಗೆ ಓಡಾಡತೊಡಗಿದ. ಮೆಚ್ಚುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ. ಟೀ ಅಂಗಡಿಯ ಮೆಟ್ಟಿಲು ಎತ್ತರವಾಯಿತು, ಮರದ ನೆರಳು ಸರಿಯಿಲ್ಲ, ಲಾರಿಯ ಚಕ್ರ ಮೂಲೆ ಮೂಲೆಯಾಗಿದೆ. ಒಂದೊಂದು ಹುಳುಕು ಸಿಕ್ಕಾಗಲೂ ಎದೆಗೆ ತಂಪು, ಮರುಗಳಿಗೆ ಮತ್ತೆ ಉರಿ. ಏಕೆಂದರೆ ಊರು ಜೀವಂತವಾಗಿತ್ತು. ಕೋಟೆಯಲ್ಲಿ ಓಡಾಡಿದರೆ ಚಂದದ ಸೀರೆ ಅಂಗಡಿಯಲ್ಲಿ ಓಡಾಡಿದ ಹಾಗಿತ್ತು. ಇಲ್ಲಿ ರಾಕ್ಷಸನನ್ನು ಹೊಡೆಯುವ ಮೊದಲು ಒಂದು ಟೀ ಕುಡಿಯೋಣ ಎನಿಸುತ್ತಿತ್ತು. ಅದು ಕಾಂತರಾಜುವಿಗೆ ಅರ್ಥವಾಗಿತ್ತು, ಅರ್ಥವಾದದ್ದಕ್ಕೇ ಉರಿ ಹೆಚ್ಚಾಯಿತು. ಟೀ ಅಂಗಡಿಯ ಪಕ್ಕದ ಗೋಡೆಯಲ್ಲಿ ಅವನದೇ ಹಂಸ ಇತ್ತು, ಹಂಸದ ರೆಕ್ಕೆಯಲ್ಲಿ ಒಂದು ಕಪ್ಪು ಚೌಕವೂ ಇತ್ತು. ಉಳಿದ ಗೋಡೆಗಳ ಬೊಟ್ಟನ್ನೆಲ್ಲ ಮನೋಹರ್ ಅಳಿಸಿದ್ದ, ಇದೊಂದನ್ನು ಮಾತ್ರ ಬಿಟ್ಟಿದ್ದ.

"ಕಳ್ಳ ನನ್ಮಗ. ನನ್ ದೃಷ್ಟಿಬೊಟ್ಟೂ ಕದ್ದವ್ನೆ" ಎಂದು ಹಲ್ಲು ಕಡಿದು, ಆ ಗೋಡೆ ದಾಟಿ ಮುಂದೆ ಹೋದ. ದಿನವೂ ದಾಟಿ ಹೋದ.

ಹೋಟೆಲಿನಲ್ಲಿ ಯಾರೋ, "ಏನ್ ಗುರು, ನಿಮ್ ಹತ್ರ ಕಲ್ತೋನು ಫಾರಿನ್‌ನಲ್ಲೆಲ್ಲ ಫೇಮಸ್ ಅಂತೆ" ಎಂದರು. ಕಾಂತರಾಜು ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಮನೆಗೆ ಬಂದರೆ ಕಾಫಿಗೆ ಸಕ್ಕರೆ ಜಾಸ್ತಿಯಾಯಿತು ಎಂದು ಹೆಂಡತಿಯ ಮೇಲೆ ರೇಗಿದ. ದಿನಾ ಹಾಕುವಷ್ಟೇ ಹಾಕಿದ್ದೇನೆ ಎಂದು ಅವಳು ಲೋಟ ಎತ್ತಿಕೊಂಡು ಹೋದಳು. ಅಷ್ಟರಲ್ಲಿ ಮನೋಹರನ ಫೋನ್ ಬಂತು.

"ಕಾಂತಣ್ಣ, ನಂದು ನೋಡಿದ್ರಾ? ಪೂರ್ತಿ ನೋಡಿದ್ರಾ?"

"ನೋಡ್ದೆ ಕಣೋ. ಮೂಲೆ ಮೂಲೆನೂ ನೋಡ್ದೆ."

"ಏನೂ ಅನ್ನಿಸ್ಲಿಲ್ವಾ ಕಾಂತಣ್ಣ?"

"ಏನ್ ಅನ್ಸೋದು? ಚೆನ್ನಾಗದೆ ಬಿಡು."

ಹೊಗಳಿಸಿಕೊಳ್ಳುವುದಕ್ಕೆ ಫೋನ್ ಮಾಡುತ್ತಾನೆ ನೋಡು, ಎಷ್ಟು ಸೊಕ್ಕು! ಕಾಂತರಾಜು ಫೋನ್ ಕುಕ್ಕಿದ. ಕುಕ್ಕಿದ ಕೈಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಪ್ರದರ್ಶನದವರಿಗೆ ಬರೆಯತೊಡಗಿದ. ಬರುವಷ್ಟು ಇಂಗ್ಲಿಷ್ ಬಳಸಿ, ಬಾರದ ಕಡೆ ಸಿಟ್ಟು ಬಳಸಿ ಬರೆದ. ಅರಿಶಿನಕುಂಟೆಯ ಗೋಡೆಗಳೆಲ್ಲ ನನ್ನವು, ನನ್ನ ಅನುಮತಿಯಿಲ್ಲದೆ ತೆಗೆದುಕೊಂಡಿದ್ದಾನೆ, ಬೇಕಾದರೆ ಹಂಸದ ರೆಕ್ಕೆ ನೋಡಿ, ಒಂದು ಚೌಕ ತಪ್ಪಿರುತ್ತದೆ, ಅದೇ ನನ್ನ ಗುರುತು. ಅನುಮತಿಯಿಲ್ಲದೆ ಎಂದು ಬರೆಯುವಾಗ ಜೇಬಿಗೆ ತುರುಕಿದ ಫ್ಲಾಪಿ ನೆನಪಾಗಿ, ಅದನ್ನು ನೆನಪಿನಿಂದ ಹೊರದಬ್ಬಿ, ಕಳಿಸಿಬಿಟ್ಟ.

ಮುಂದಿನ ವಾರ ಪುಟ ತೆರೆದಾಗ ಮುಂದಿನ ಹಜಾರದ ನಟ್ಟನಡುವೆ ದೇವನಹಳ್ಳಿ ಕೋಟೆ ನಿಂತಿತ್ತು. ಅರಿಶಿನಕುಂಟೆ ಎಲ್ಲೂ ಇರಲಿಲ್ಲ. ಆಕ್ಷೇಪಣೆ ಬಂದದ್ದರಿಂದ ತೆಗೆದಿದ್ದೇವೆ, ಆ ಗೋಡೆಗಳ ಚಂದವನ್ನು ಮೆಚ್ಚಿದವರು ಅದೇ ಗೋಡೆಗಳ ಈ ಕೋಟೆಯನ್ನು ನೋಡಿ ಎಂದು ಒಂದೇ ಒಂದು ಸಾಲು ಬರೆದಿದ್ದರು. ಯಾರ ಆಕ್ಷೇಪಣೆ ಎಂದು ಬರೆದಿರಲಿಲ್ಲ.

ಕಾಂತರಾಜು ಮೀಸೆ ತಿರುವಿದ. ಹೆಂಡತಿಯನ್ನು ಕೂಗಿ ತೋರಿಸಿದ, ಬೀದಿಯ ಕೊನೆಯ ಬೇಕರಿಗೆ ಹೋಗಿ ಮೈಸೂರು ಪಾಕ್ ತರುತ್ತೇನೆ ಎಂದು ಅಂಗಿ ಹಾಕಿಕೊಂಡ. ತಿಂಗಳಿಂದ ಗಂಟಿಕ್ಕಿಕೊಂಡಿದ್ದ ಮುಖ ಬಿಚ್ಚಿದ್ದು ನೋಡಿ ಮುನಿಲಕ್ಷ್ಮಮ್ಮನಿಗೂ ಹಗುರವಾಯಿತು. ಗಂಡ ಹೋದ ಮೇಲೆ, ಇದರಲ್ಲಿ ಅಂಥಾದ್ದೇನಿದೆ ನೋಡೇಬಿಡೋಣ ಎಂದು ಕುರ್ಚಿಯ ಮೇಲೆ ಕೂತಳು. ಅವನು ಆಡುವುದನ್ನು ವರ್ಷಗಟ್ಟಲೆ ನೋಡಿ ನೋಡಿ ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ಅವಳಿಗೂ ಅಷ್ಟಿಷ್ಟು ಗೊತ್ತಿತ್ತು. ಆದರೆ ಅವಳು ತೆರೆದದ್ದು ಕೋಟೆಯನ್ನಲ್ಲ. ದಿನವೂ ಅವನು ಓಡಾಡುತ್ತಿದ್ದ ಅರಿಶಿನಕುಂಟೆಯೇ ಮೊದಲು ಕೈಗೆ ಸಿಕ್ಕಿತು.

ಕಾಂತರಾಜು ಪೊಟ್ಟಣ ಹಿಡಿದು ಬಂದಾಗ ಅವಳು ಪರದೆಯಿಂದ ಕಣ್ಣು ತೆಗೆಯದೆ ಕೂತಿದ್ದಳು.

"ರೀ, ಬನ್ರೀ ಇಲ್ಲಿ. ಇದು ನಮ್ಮನೆ ಅಲ್ವಾ?"

"ಯಾವ ಮನೆ?"

"ಟೀ ಅಂಗ್ಡಿ ಪಕ್ಕದ ಗೋಡೆ ಮೇಲೆ ಏನೋ ಕಪ್ಪಗೆ ಮೆತ್ತಿತ್ತು. ಎಂಥ ಗಲೀಜು ಅಂದ್ಕೊಂಡು ಒತ್ತಿದೆ. ಗೋಡೆ ಮೇಲಕ್ಕೋಗ್ಬಿಡ್ತು."

ಗೋಡೆಯ ಹಿಂದೆ ಒಂದು ಕೋಣೆ. ಅದರಲ್ಲಿ ರಾಕ್ಷಸರಿಲ್ಲ. ಕಿಟಕಿಯಿಂದ ಬಿಸಿಲು ಬಿದ್ದಿದೆ. ಇಳಿಜಾರಿನ ಬರೆಯುವ ಹಲಗೆ, ಅದರ ಮೇಲೆ ಅರ್ಧ ಬಣ್ಣ ತುಂಬಿದ ಹಂಸ, ಪಕ್ಕದಲ್ಲಿ ಕುಂಚಗಳ ಡಬ್ಬ, ಕಾಫಿಯ ಸ್ಟೀಲ್ ಲೋಟ. ಅವರ ಮುಂಗೋಣೆಯೇ, ಒಂದು ಮೊಳೆಯೂ ಬಿಡದೆ. ಹಲಗೆಯ ಮೇಲೆ, ಆಟದಲ್ಲಿ ಸಾಯುತ್ತಿರುವವನಿಗೂ ಜೀವ ತುಂಬುವ ನೀಲಿ ಗೋಳವನ್ನು ಮನೋಹರ್ ಇಟ್ಟಿದ್ದ. ಎದುರು ಗೋಡೆಯ ಮೇಲೆ ಚೌಕ ಚೌಕ ಪೋಣಿಸಿ ಕನ್ನಡದಲ್ಲಿ ಬರೆದಿತ್ತು, ಕೆಳಗೆ ಇಂಗ್ಲಿಷಿನಲ್ಲೂ: "ಇದು ನಮ್ಮ ಕಾಂತಣ್ಣನ ಕೋಣೆ. ಈ ಊರಿನ ಗೋಡೆಗಳೆಲ್ಲ ಅವರು ಕೊಟ್ಟದ್ದು. ಊರು ಕಟ್ಟುವುದನ್ನು ನನಗೆ ಕಲಿಸಿದವರು ಅವರು."

ಜನ ಕಣ್ಣು ತುಂಬಿಕೊಂಡದ್ದು ಈ ಕೋಣೆಗೆ. ಲೋಕದಲ್ಲಿ ಯಾರು ಬೇಕಾದರೂ ಆ ಕಪ್ಪು ಚೌಕ ಕಂಡ ತಕ್ಷಣ ಒತ್ತುತ್ತಿದ್ದರು, ಒತ್ತಿಯೂ ಇದ್ದರು. ಒತ್ತದೆ ದಾಟಿ ಹೋಗಲು ಸಾಧ್ಯವಿದ್ದವನು ಒಬ್ಬನೇ, ಅದು ದೃಷ್ಟಿಬೊಟ್ಟು ಎಂದು ಬಲ್ಲವನು. ಕಾಂತರಾಜುವಿಗೆ ನಾಚಿಕೆಯಾಯಿತು. ನಾಚಿಕೆಯ ನಡುವೆಯೂ, ಕಿಟಕಿಯ ಬಿಸಿಲನ್ನು ಎಷ್ಟು ಚೆನ್ನಾಗಿ ತಂದಿದ್ದಾನೆ, ತನಗೆ ಹೀಗೆ ಬರುತ್ತಿರಲಿಲ್ಲ ಎಂದು ಹೊಟ್ಟೆ ಮತ್ತೊಂದು ಸಲ ಚುರುಕ್ ಎಂದಿತು. ಪೊಟ್ಟಣ ಕೈಯಲ್ಲೇ ಇತ್ತು.

"ಎಷ್ಟು ಪ್ರೀತಿ ನೋಡ್ರಿ ಆ ಹುಡುಗನಿಗೆ" ಎಂದಳು ಮುನಿಲಕ್ಷ್ಮಮ್ಮ.

ಭಾನುವಾರ ಮನೋಹರ್ ಬಂದ. ಹೊಸಿಲ ಹೊರಗಿನಿಂದಲೇ ನಗುತ್ತ, ನೆಲಮಂಗಲದಿಂದ ತಂದ ಸಿಹಿಯ ಡಬ್ಬ ಮುಂದೆ ಚಾಚಿದ.

"ಕಾಂತಣ್ಣ, ಮುಂದಿನ ಹಾಲ್‌ಗೆ ಬಂದ್ಬಿಟ್ರಲ್ಲ! ನಂಗೊತ್ತಿತ್ತು."

"ನಿಂದು..." ಎಂದ ಕಾಂತರಾಜು.

"ನಂದು ತೆಗ್ದಾಕಿದ್ರು. ಯಾರೋ ಏನೋ ಬರ್ದ್ರಂತೆ, ಹೆಸರು ಹೇಳ್ಲಿಲ್ಲ. ಹೋಗ್ಲಿ ಬಿಡಿ. ನಿಮ್ದು ಬಂತಲ್ಲ, ಅಷ್ಟು ಸಾಕು." ಒಳಗೆ ಬಂದು ಚಾಪೆಯ ಮೇಲೆ ಕೂತ. ಆಮೇಲೆ ಕೇಳಿದ: "ಒಂದೇ ಬೇಜಾರು ನಂಗೆ. ನಿಮಗೆ ಆ ರೂಮು ಸಿಗ್ಲೇ ಇಲ್ವಾ? ನಿಮ್ ಗುರುತು ಇದ್ರೆ ನಿಮಗೇ ಮೊದಲು ಸಿಗತ್ತೆ ಅಂತ ಅದೊಂದೇ ಚೌಕ ಉಳಿಸ್ದೆ."

"ಅದು ದೃಷ್ಟಿಬೊಟ್ಟು ಅಂದ್ಕೊಂಡ್ಬಿಟ್ಟೆ ಕಣೋ."

ಮನೋಹರ್ ಜೋರಾಗಿ ನಕ್ಕುಬಿಟ್ಟ. "ಏನ್ ಕಾಂತಣ್ಣ ನೀವು! ಲಾರಿ ಶೆಡ್ಡಿಗೆ ಯಾರ್ ಕಣ್ಣು ಬೀಳತ್ತೆ?"

ತಾನೂ ಸುಮ್ಮನೆ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮುಂದಿನ ಹಜಾರ ಉಳಿಯುತ್ತಿತ್ತು, ಭಾನುವಾರಗಳೂ ಉಳಿಯುತ್ತಿದ್ದವು. ನಗುವುದಕ್ಕೆ ಕಾಂತರಾಜು ಬಾಯಿ ತೆರೆದೂ ಇದ್ದ.

"ನಂದು" ಎಂದ. "ನಂದೇ ಬಿತ್ತು ಕಣೋ. ಅವರಿಗೆ ಬರ್ದೋನೂ ನಾನೇ. ನನ್ ಕೇಳ್ದೆ ತಗೊಂಡವ್ನೆ ಅಂತ ಬರ್ದೆ."

ಮನೋಹರನ ಮುಖದ ಮೇಲೆ ನಗು ಇನ್ನೂ ಇತ್ತು, ಇಳಿಯುವುದು ಮರೆತಂತೆ. ಅವನು ಕಾಂತರಾಜುವನ್ನು ನೋಡಿದ, ಇಳಿಜಾರಿನ ಹಲಗೆಯನ್ನು ನೋಡಿದ, ಕಿಟಕಿಯ ಬಿಸಿಲನ್ನು ನೋಡಿದ. ಆಮೇಲೆ ಎದ್ದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಬಾಗಿ ಚಪ್ಪಲಿ ಹಾಕಿಕೊಂಡ.

"ಬರ್ತೀನಿ ಕಾಂತಣ್ಣ" ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು.

ಮುನಿಲಕ್ಷ್ಮಮ್ಮ ಎರಡು ಲೋಟ ಕಾಫಿ ಹಿಡಿದುಕೊಂಡು ಒಳಗಿನಿಂದ ಬಂದಳು. ಖಾಲಿ ಚಾಪೆ ನೋಡಿ, ಗಂಡನ ಮುಖ ನೋಡಿ, ಒಂದು ಲೋಟವನ್ನು ಹಲಗೆಯ ಪಕ್ಕ ಇಟ್ಟು ಇನ್ನೊಂದನ್ನು ವಾಪಸ್ಸು ಒಯ್ದಳು.